ಬುತ್ತಿ ಮುಗಿಯುವಷ್ಟು ದೂರ

ನಮ್ಮೂರಿನಿಂದ ಆ ಊರಿಗೆ ಎಷ್ಟು ದೂರ ಎಂದು ಹೊಸಬರು ಯಾರಾದರೂ ಕೇಳಿದರೆ ನಮ್ಮವರು ಮೊದಲು ಅವರ ಕೈಚೀಲ ನೋಡುತ್ತಾರೆ. ಆಮೇಲೆ, "ಏನ್ ಕಟ್ಕೊಂಡಿದೀರಿ?" ಎಂದು ಕೇಳುತ್ತಾರೆ. ಎರಡು ಚಪಾತಿ, ಒಂದಿಷ್ಟು ಪಲ್ಯ ಎಂದರೆ ಮುಕ್ಕಾಲು ಗಂಟೆಯ ದಾರಿ. ಚಿತ್ರಾನ್ನ, ಮೊಸರನ್ನ, ಹಪ್ಪಳ ಎಂದರೆ ಮಧ್ಯಾಹ್ನದ ನಿದ್ದೆಯೂ ವಿಮಾನದಲ್ಲೇ. ಕಡುಬಿನ ಡಬ್ಬಿ ಮತ್ತು ಅದನ್ನು ಮಾಡಿದ ಅತ್ತೆ ಇಬ್ಬರೂ ಜೊತೆಗಿದ್ದರೆ ಹಾಸಿಗೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ವಿಮಾನದಲ್ಲಿರುವ ಬುತ್ತಿಯೆಲ್ಲ ಮುಗಿಯುವ ತನಕ ವಿಮಾನ ಇಳಿಯುವುದಿಲ್ಲ. ಆ ಊರು ಕೆಳಗೆ ಕಾಣುತ್ತಿರುತ್ತದೆ, ವಿಮಾನ ಅದರ ಮೇಲೆ ಸುತ್ತುತ್ತಿರುತ್ತದೆ. ಕೊನೆಯ ತುತ್ತು ಗಂಟಲಿನಿಂದ ಕೆಳಗಿಳಿದೊಡನೆ ತಾನೂ ಇಳಿಯುತ್ತದೆ. ಪೆಟ್ರೋಲು ಹೇಗೆ ಸಾಲುತ್ತದೆ ಎಂದು ಕೇಳಬೇಡಿ. ನಾವೂ ಕೇಳಿಲ್ಲ.

ರಸ್ತೆ ಇಲ್ಲವೇ ಎನ್ನಬಹುದು. ರಸ್ತೆ ಹಾಕಲೆಂದು ಹೋದವರು ಕಣಿವೆಯಾಚೆ ಎಲ್ಲೋ ಮದುವೆಯಾಗಿ ನೆಲೆಸಿದ್ದಾರೆಂದು ಸುದ್ದಿ. ರೈಲಿನ ಮಾತು ಚುನಾವಣೆಗೊಮ್ಮೆ ಬಂದು ಹೋಗುತ್ತದೆ. ಇರುವುದು ಹಳೆಯ ಒಂದೇ ವಿಮಾನ. ಬಸ್ಸಿನ ಹಾಗೆ ಪಕ್ಕಕ್ಕೆ ಸರಿಸುವ ಕಿಟಕಿ, ಚಿಲಕ ಹಾಕುವ ಬಾಗಿಲು. ಅದನ್ನು ನಡೆಸುವವರು ಕ್ಯಾಪ್ಟನ್ ಅಂದಾನಪ್ಪನವರು. ಯಾರಾದರೂ ಅವರನ್ನು ಹೊಗಳಿದರೆ, "ಹತ್ತಿಸೋನು ನಾನು ಅಷ್ಟೆ ಸ್ವಾಮಿ, ಇಳಿಸೋದು ನಿಮ್ಮ ಹೊಟ್ಟೆ" ಎನ್ನುತ್ತಾರೆ. ಒಮ್ಮೆ ಅಕ್ಕಿ ವ್ಯಾಪಾರಿಯೊಬ್ಬ ಯಾರಿಗೂ ಹೇಳದೆ ಒಂದು ಮೂಟೆ ಸಣ್ಣಕ್ಕಿಯನ್ನು ಸಾಮಾನಿನೊಂದಿಗೆ ತುರುಕಿಬಿಟ್ಟಿದ್ದ. ಆ ವಿಮಾನದಲ್ಲಿ ಹೋದವರು ಸೀಮೆಎಣ್ಣೆ ಸ್ಟೌ ಹಚ್ಚಿ ಬೇಯಿಸಿ ಬೇಯಿಸಿ ಉಂಡು ನೆಲ ಮುಟ್ಟುವಷ್ಟರಲ್ಲಿ ಒಂದು ಸಂಬಂಧ ಕುದುರಿತ್ತು, ಒಂದು ಮನೆ ಪಾಲಾಗಿತ್ತು. ಅಂದಿನಿಂದ ವಿಮಾನ ನಿಲ್ದಾಣದ ಗೇಟಿನಲ್ಲಿ ಪರಮಶಿವಯ್ಯನವರನ್ನು ಕೂರಿಸಿದ್ದಾರೆ. ಅವರು ಪ್ರತಿಯೊಬ್ಬರ ಡಬ್ಬಿ ತೆರೆಸಿ, ಮೂಗಿನ ಬಳಿ ಹಿಡಿದು, ಒಟ್ಟು ಲೆಕ್ಕ ಹಾಕಿ, ಎಷ್ಟು ಹೊತ್ತಿಗೆ ತಲುಪಬಹುದು ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಎಲೆಅಡಿಕೆ ಲೆಕ್ಕಕ್ಕಿಲ್ಲ. ನೀರೂ ಇಲ್ಲ. ಕೆಮ್ಮಿನ ಔಷಧಿಯ ವಿಷಯದಲ್ಲಿ ವಿಮಾನ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಏನೂ ಒಯ್ಯದಿದ್ದರೆ ಇಪ್ಪತ್ತು ನಿಮಿಷವಂತೆ. ಆಸ್ಪತ್ರೆ, ಕೋರ್ಟು ಎಂದು ಅವಸರ ಇರುವವರಿಗಾಗಿ ಮಂಗಳವಾರ ಒಂದು ಬರೀಗೈ ವಿಮಾನವೂ ಇದೆ. ಅದಕ್ಕೆ ಹತ್ತುವವರು ಪರಿಚಯದವರು ಕಂಡರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿಬಿಡುತ್ತಾರೆ. ನಂಟರ ಮನೆಗೆ ಬರೀಗೈಯಲ್ಲಿ ಹೋಗುವುದೆಂದರೆ ನಮ್ಮಲ್ಲಿ ಅಷ್ಟು ನಾಚಿಕೆ. ಅಲ್ಲಿಂದ ಬರುವ ವಿಮಾನ ಮಾತ್ರ ಯಾವಾಗಲೂ ಇಪ್ಪತ್ತೇ ನಿಮಿಷ. ಆ ಊರಿನವರು ಕೆಟ್ಟವರಲ್ಲ, ಕಟ್ಟಿಕೊಡುವ ಅಭ್ಯಾಸ ಇಲ್ಲ, ಅಷ್ಟೆ.

ನಮ್ಮವರಿಗೆ ಊಟದ ವಿಷಯದಲ್ಲಿ ಎರಡು ಕಟ್ಟುಪಾಡು. ಅವನ್ನು ಮಗುವಿಗೆ ಹಲ್ಲು ಬರುವ ಮೊದಲೇ ಹೇಳಿಕೊಡುತ್ತೇವೆ. ಒಂದು, ಅನ್ನ ಎಸೆಯಬಾರದು. ಅಗುಳು ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೇವೆ; ಕಾಗೆಗೂ ಎಸೆಯುವುದಿಲ್ಲ, ಇಡುತ್ತೇವೆ. ಇನ್ನೊಂದು, ಎಲೆ ಮುಂದೆ ಕೂತವರನ್ನು ಕಾಯಿಸಬಾರದು. ಹಿಂದೊಮ್ಮೆ ಮದುವೆಮನೆಯ ಚಪ್ಪರಕ್ಕೆ ಬೆಂಕಿ ತಗುಲಿದಾಗ, ಕೂತ ಪಂಕ್ತಿಗೆ ಮಜ್ಜಿಗೆ ಬಡಿಸಿ ಆದಮೇಲೆಯೇ ನೀರು ತರಲು ಓಡಿದರು ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಚಪ್ಪರ ಏನಾಯಿತೆಂದು ಯಾರೂ ಹೇಳುವುದಿಲ್ಲ.

ಹೀಗಿರುವುದರಿಂದ ನಮ್ಮೂರಿನ ಅಡುಗೆಯ ಒಂದು ತುಣುಕೂ ಆ ಊರನ್ನು ಮುಟ್ಟಿದ್ದಿಲ್ಲ. ಆದರೂ ಕಟ್ಟಿಕೊಂಡು ಹೋಗುವುದನ್ನು ಯಾರೂ ಬಿಟ್ಟಿಲ್ಲ. ಅಲ್ಲಿಗೆ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳ ಮನೆ ಬಾಗಿಲಿಗೆ ಹೋಗಿ, ದಾರಿಯಲ್ಲಿ ಖಾಲಿ ಮಾಡಿದ ಡಬ್ಬಿಯನ್ನು ಕೈಗಿಡುತ್ತೇವೆ. ಅವರು ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಸಲ ಮೂಸುತ್ತಾರೆ. "ಒಗ್ಗರಣೆಗೆ ಇಂಗು ಹಾಕಿದ್ರಿ ಅಲ್ವಾ?" ಎನ್ನುತ್ತಾರೆ. "ಹ್ಞೂ, ನಿನಗೆ ಇಷ್ಟ ಅಂತ" ಎನ್ನುತ್ತೇವೆ. ಇಷ್ಟಾದರೆ ಉಡುಗೊರೆ ಸಂದ ಹಾಗೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಅಭ್ಯಾಸವಾಗಿದೆ.

ಮಾರುಕಟ್ಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ದೇವೀರಮ್ಮನಿಗೂ ಅಭ್ಯಾಸವಾಗಿತ್ತು. ಆಕೆಯ ಅಕ್ಕ ಪುಟ್ಟತಾಯಮ್ಮನನ್ನು ಆ ಊರಿಗೆ ಕೊಟ್ಟು ನಲವತ್ತು ವರ್ಷದ ಮೇಲಾಗಿತ್ತು. ದೇವೀರಮ್ಮ ವರ್ಷಕ್ಕೆರಡು ಸಲ ಹೋಗುತ್ತಿದ್ದಳು, ಡಬ್ಬಿ ಕೊಡುತ್ತಿದ್ದಳು, ಅಕ್ಕ ಮೂಸಿ ಏನಾದರೊಂದು ಕೊಂಕು ತೆಗೆಯುತ್ತಿದ್ದಳು. "ಪರವಾಗಿಲ್ಲ. ಅಮ್ಮನ ಕೈ ಬರ್ಲಿಲ್ಲ" ಎನ್ನುವುದು ಆಕೆಯ ಖಾಯಂ ತೀರ್ಪು. "ತಿಂದಿದ್ರೆ ತಾನೇ ಗೊತ್ತಾಗೋದು, ಮೂಗಿಗೇನು ಗೊತ್ತು?" ಎಂದು ತಂಗಿ ಜಗಳಕ್ಕೆ ನಿಲ್ಲುತ್ತಿದ್ದಳು. ಜೀವನವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿದವಳಾದ್ದರಿಂದ ದೇವೀರಮ್ಮ ಪಿಸುಗುಟ್ಟಿದರೂ ಮೂರು ಅಂಗಡಿಗೆ ಕೇಳುತ್ತದೆ. ನನ್ನದು ಅದರಲ್ಲಿ ಎರಡನೆಯದು, ಹಳೆಯ ಪುಸ್ತಕದಂಗಡಿ. ಹಾಗಾಗಿ ಈ ಕಥೆಯಲ್ಲಿ ನಾನು ಕದ್ದು ಕೇಳಿದ್ದು ಏನೂ ಇಲ್ಲ.

ಶ್ರಾವಣದ ಹೊತ್ತಿಗೆ ಅಕ್ಕನ ಮಗ ಮುರಳೀಧರನ ಫೋನು ಬಂತು. "ಚಿಕ್ಕಮ್ಮ, ಅಮ್ಮ ಊಟ ಬಿಟ್ಟುಬಿಟ್ಟಿದಾಳೆ. ಎರಡು ಚಮಚ ಗಂಜಿ ನೀರು, ಅಷ್ಟೆ. ಜ್ವರ ಹೋಯ್ತು, ನಾಲಿಗೆ ರುಚಿ ವಾಪಸ್ ಬರ್ಲಿಲ್ಲ. ಡಾಕ್ಟ್ರು ಕಾಯಿಲೆ ಏನೂ ಇಲ್ಲ, ಹೀಗೇ ಉಪವಾಸ ಇದ್ರೆ ಮಾತ್ರ ಕಷ್ಟ ಅಂತಾರೆ."

"ಏನಾದ್ರೂ ಬೇಕು ಅಂತಾಳೇನೋ?"

"ಅಜ್ಜಿ ಮಾಡ್ತಿದ್ದ ತಂಬಿಟ್ಟು ಅಂತಾಳೆ. ನಾನು ಇಲ್ಲಿ ಎಲ್ಲಿ ಹುಡುಕ್ಲಿ, ಹೇಳಿ?"

ದೇವೀರಮ್ಮ ಮಾನ ಮರ್ಯಾದೆ ನೋಡದೆ ಮರುದಿನವೇ, ಮಂಗಳವಾರದ ಬರೀಗೈ ವಿಮಾನ ಹತ್ತಿದಳು. ಅಲ್ಲಿನ ಅಕ್ಕಿ, ಅಲ್ಲಿನ ಹುರಿಗಡಲೆ, ಅಲ್ಲಿನ ಬೆಲ್ಲ ತರಿಸಿ, ಅಕ್ಕನ ಮಂಚದ ಎದುರಿಗೇ ಕೂತು ಹುರಿದು, ಪುಡಿಮಾಡಿ, ಪಾಕ ಹಿಡಿದು ಉಂಡೆ ಕಟ್ಟಿದಳು. ಪುಟ್ಟತಾಯಮ್ಮ ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡು, "ಅಂಗಡೀದು" ಎಂದಳು.

"ನಿನ್ನ ಕಣ್ಣೆದುರಿಗೇ ಮಾಡಿದ್ನಲ್ಲೇ!"

"ನೀನೇ ಮಾಡಿದ್ದು ಕಣೇ, ಇಲ್ಲ ಅನ್ನಲ್ಲ. ಆದ್ರೂ ಅಂಗಡೀದು."

ದೇವೀರಮ್ಮ ಸೋಲೊಪ್ಪದೆ, ಹಬ್ಬಕ್ಕೆ ಮನೆಯಲ್ಲಿ ಮಾಡಿ ಮುಗಿಸಿದ್ದ ತಂಬಿಟ್ಟಿನ ಖಾಲಿ ಡಬ್ಬಿಯನ್ನು ಚೀಲದಿಂದ ತೆಗೆದು ಮುಂದೆ ಹಿಡಿದಳು. ಮೂಸಿಯಾದರೂ ನಾಲಿಗೆ ನೆನೆಯಲಿ ಎಂದು. ಪುಟ್ಟತಾಯಮ್ಮ ಡಬ್ಬಿಯನ್ನು ಮುಟ್ಟಲಿಲ್ಲ. "ವಾಸನೇಲೇ ಹೊಟ್ಟೆ ತುಂಬಿಸ್ಕೊಂಡು ನಲವತ್ತು ವರ್ಷ ಆಯ್ತು ದೇವಿ. ಸಾಕು" ಎಂದು ಗೋಡೆಯ ಕಡೆ ಹೊರಳಿದಳು. ಕೊಂಕು ತೆಗೆಯಲಿಲ್ಲ. ಅದೇ ದೇವೀರಮ್ಮನಿಗೆ ಭಯವಾದದ್ದು.

ಊರಿಗೆ ಬಂದವಳು ಮೂರು ಅಂಗಡಿಗೂ ಕೇಳುವ ಹಾಗೆ ಘೋಷಿಸಿದಳು: ಈ ಊರಿನ ತಂಬಿಟ್ಟನ್ನು ಆ ಊರಿನಲ್ಲಿ ಅಕ್ಕನ ಬಾಯಿಗೆ ಹಾಕಿಯೇ ತೀರುವುದು.

"ಅದು ಹೇಗೆ ದೇವೀರಮ್ಮ?" ಎಂದೆ. "ಅದು ಮುಗಿಯೋವರೆಗೆ ಇಳಿಯೋದೇ ಇಲ್ವಲ್ಲ."

"ವಿಮಾನಕ್ಕೊಂದು ಹಟ, ನನಗೊಂದು ಹಟ. ನಾನೂ ತಿನ್ನಲ್ಲ, ಯಾರಿಗೂ ಕೊಡಲ್ಲ. ಯಾರು ಮೊದಲು ಇಳೀತಾರೋ ನೋಡೇಬಿಡೋಣ."

ಆ ವಿಮಾನಕ್ಕೆ ನನ್ನದೂ ಟಿಕೆಟ್ಟಿತ್ತು. ಹೊಸ ಕನ್ನಡಕ ಆ ಊರಿನಲ್ಲೇ ಆಗಬೇಕಿತ್ತು. ಬೇರೆ ದಿನ ಹೋಗಬಹುದಿತ್ತು ನಿಜ. ಆದರೆ ಹಳೆಯ ಕನ್ನಡಕದಲ್ಲೇ ನೋಡಲೇಬೇಕಾದ್ದು ಕೆಲವು ಇರುತ್ತವೆ.

ಗೇಟಿನಲ್ಲಿ ಪರಮಶಿವಯ್ಯನವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಕ್ಷಣ ಕಣ್ಣುಮುಚ್ಚಿದರು. "ಆಹಾ. ಆರು ತಂಬಿಟ್ಟು. ಹಂಚ್ಕೊಂಡ್ರೆ ಕಾಲು ಗಂಟೆ ಹೆಚ್ಚು."

"ಹಂಚಲ್ಲ."

"ಮತ್ತೆ? ಹಲಗೆ ಮೇಲೆ ಏನಂತ ಬರೀಲಿ ತಾಯಿ?"

"ನಮ್ಮಕ್ಕ ತಿನ್ನೋವರೆಗೆ ಅಂತ ಬರೀರಿ."

ಪರಮಶಿವಯ್ಯನವರು ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಯೋಚಿಸಿದರು. ಕೊನೆಗೆ ಒಂದು ಅಡ್ಡಗೆರೆ ಎಳೆದು, ಆಕೆಯನ್ನು ಒಳಗೆ ಬಿಟ್ಟರು.

ವಿಮಾನ ಹತ್ತಿದ ಸ್ವಲ್ಪ ಹೊತ್ತಿಗೆ ಎಂದಿನಂತೆ ಡಬ್ಬಿಗಳು ತೆರೆದುಕೊಂಡವು. ನಮ್ಮ ವಿಮಾನದಲ್ಲಿ ಯಾರ ಬುತ್ತಿ ಯಾರದು ಎಂಬ ಲೆಕ್ಕ ಮೊದಲ ಮೋಡದವರೆಗೆ ಮಾತ್ರ. ಗಗನಸಖಿ ಸ್ಟೆಲ್ಲಾಳ ಕೆಲಸವೆಂದರೆ ಹೊಟ್ಟೆ ತುಂಬಿದವರ ಬುತ್ತಿಯನ್ನು ಹಸಿದವರ ಕಡೆಗೆ ಸಾಗಿಸುವುದು. "ಅಂಕಲ್, ಈ ಒಂದು ವಡೆ ನಿಮ್ಮ ಹೆಸರಲ್ಲಿದೆ, ತಗೊಳ್ಳಿ, ಲೇಟಾಗತ್ತೆ" ಎಂದು ಆಕೆ ಹೇಳಿದರೆ ಬೇಡ ಎಂದವರನ್ನು ನಾನು ಕಂಡಿಲ್ಲ. ಕಿಟಕಿ ಪಕ್ಕದಲ್ಲಿ ಮರಿಸ್ವಾಮಿ ಎಂಬ ನೇಯ್ಗೆಯವರು ಮೊಮ್ಮಗಳ ನಾಮಕರಣಕ್ಕೆ ಹೊರಟಿದ್ದರು. ತೊಟ್ಟಿಲಿಗೆ ಹಾಸಲೆಂದು ತಾವೇ ನೇಯ್ದ ಕೆಂಪಂಚಿನ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಎಣ್ಣೆ ತಾಕದ ಹಾಗೆ ಮೊಣಕೈ ಎತ್ತಿಕೊಂಡು ಪುಳಿಯೋಗರೆ ತಿನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಆ ಊರಿನವನೇ ಆದ, ಔಷಧಿ ಕಂಪನಿಯ ಟೈ ಕಟ್ಟಿದ ಯುವಕ. ಅವನ ಬಳಿ ಏನೂ ಇರಲಿಲ್ಲ. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಅವನೇ ತಿಂದಿದ್ದ.

ಬುತ್ತಿ ಮುಗಿಯಿತು. ಕೈ ತೊಳೆದದ್ದಾಯಿತು. ಎಲೆಅಡಿಕೆಯೂ ಆಯಿತು. ಕೆಳಗೆ ಆ ಊರಿನ ಮಾಳಿಗೆಗಳು ಬಂದವು, ಹೋದವು, ಮತ್ತೆ ಬಂದವು. ಅದೇ ಹಸಿರು ನೀರಿನ ಟ್ಯಾಂಕು ನಾಲ್ಕನೇ ಸಲ ಕಂಡಾಗ ಮರಿಸ್ವಾಮಿಯವರು, "ಯಾರ ಹತ್ರವೋ ಏನೋ ಉಳಿದಿದೆ" ಎಂದರು. ಎಲ್ಲರೂ ಜೇಬು ತಡವಿಕೊಂಡರು. ಒಬ್ಬರ ಬಳಿ ಒಂದು ಏಲಕ್ಕಿ ಸಿಕ್ಕಿತು. ಅದನ್ನು ಅಗಿದದ್ದೂ ಆಯಿತು. ವಿಮಾನ ಸುತ್ತುತ್ತಲೇ ಇತ್ತು.

"ಹುಡುಕಬೇಡಿ" ಎಂದಳು ದೇವೀರಮ್ಮ. "ನನ್ನ ಹತ್ರ ಇದೆ." ಡಬ್ಬಿಯನ್ನು ಸೆರಗಿನಡಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಯಾಕೆ, ಯಾರಿಗೆ ಎಂಬುದನ್ನೂ ಹೇಳಿದಳು. ಅಕ್ಕ ಗೋಡೆಯ ಕಡೆ ಹೊರಳಿದ್ದನ್ನು ಹೇಳುವಾಗ ಮಾತ್ರ ಆ ಗಿರಣಿಯ ದನಿ ನಮಗೂ ಕೇಳಿಸದಷ್ಟು ಇಳಿಯಿತು.

ಮರಿಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. "ಅಲ್ಲ ತಾಯಿ, ನಿಮ್ಮ ಸಂಕಟ ಅರ್ಥ ಆಗತ್ತೆ. ಆದ್ರೆ ಅಲ್ಲಿ ಮಗು ಹೆಸರಿಲ್ಲದೆ ಮಲಗಿದೆ."

"ನಿಮ್ಮ ಮಗು ನಾಳೆ ಹೆಸರಿಟ್ಟರೂ ದೊಡ್ಡದಾಗತ್ತೆ. ನಮ್ಮಕ್ಕನಿಗೆ ನಾಳೆ ಎಷ್ಟಿದೆಯೋ ಗೊತ್ತಿಲ್ಲ."

"ಹಾಗಂತ ನಾವೆಲ್ಲ ಇಲ್ಲೇ ಸಂಸಾರ ಹೂಡೋದಾ?"

"ಬೇಡ. ತಗೊಳ್ಳಿ, ತಿನ್ನಿ." ಆಕೆ ಮುಚ್ಚಳ ತೆಗೆದು ಡಬ್ಬಿಯನ್ನು ಅವರ ಮುಂದೆ ಹಿಡಿದಳು. ಹುರಿದ ಹಿಟ್ಟು, ಬೆಲ್ಲ, ತುಪ್ಪದ ವಾಸನೆ ವಿಮಾನದ ತುಂಬ ಹರಡಿತು. "ಆರಿವೆ. ನಮ್ಮಕ್ಕನ ಪಾಲು. ಯಾರಿಗೆ ಗಂಟಲಲ್ಲಿ ಇಳಿಯತ್ತೋ ಅವರು ತಿನ್ನಿ."

ಮರಿಸ್ವಾಮಿಯವರು ಕೈ ಚಾಚಿದರು. ಚಾಚಿದ ಕೈಯಲ್ಲೇ ಮೀಸೆ ತಿರುವಿಕೊಂಡು ವಾಪಸು ಕೂತರು. "ಈಗ್ತಾನೆ ಊಟ ಆಯ್ತು" ಎಂದರು. ಉಳಿದವರಿಗೂ ಒಮ್ಮೆಲೇ ಹೊಟ್ಟೆ ತುಂಬಿತ್ತು. ನನ್ನನ್ನು ನೋಡಿದಳು, ನಾನು ಸಕ್ಕರೆ ಕಾಯಿಲೆಯ ನೆಪ ಹೇಳಿದೆ. ಅದು ನನಗಿಲ್ಲವೆಂದು ಆಕೆಗೂ ಗೊತ್ತು.

ಕ್ಯಾಪ್ಟನ್ ಅಂದಾನಪ್ಪನವರು ಮುಂದಿನಿಂದ ಎದ್ದು ಬಂದರು. ವಿಮಾನ ತನ್ನಷ್ಟಕ್ಕೇ ಸುತ್ತುತ್ತಿದ್ದುದರಿಂದ ಅವರಿಗೂ ಬೇರೆ ಕೆಲಸವಿರಲಿಲ್ಲ. "ಏನ್ ಸಮಾಚಾರ?" ಎಂದು ಕೇಳಿ, ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮನೆಯವಳದ್ದೂ ಇದೇ ಊರು. ಇಷ್ಟು ವರ್ಷ ಓಡಾಡ್ತೀನಿ, ಅವರಮ್ಮನಿಗೆ ಒಂದು ಚಕ್ಕುಲಿ ಮುಟ್ಟಿಸೋಕೆ ಆಗಿಲ್ಲ" ಎಂದು ಸೀಟಿನ ತೋಳಿನ ಮೇಲೆ ಕೂತುಬಿಟ್ಟರು.

ಆಗ ಟೈ ಕಟ್ಟಿದ ಯುವಕ ಹಿಂದಿನಿಂದ, "ಸಿಂಪಲ್ ಅಲ್ವಾ? ಕಿಟಕಿಯಿಂದ ಎಸೆದುಬಿಡಿ" ಎಂದ.

ಅವನು ಆ ಊರಿನವನು, ಅವನಿಗೆ ಗೊತ್ತಿರಲಿಲ್ಲ. ಆದರೂ ಆ ಮಾತಿಗೆ ಸ್ಟೆಲ್ಲಾ ಎದೆಯ ಮೇಲೆ ಶಿಲುಬೆ ಮಾಡಿಕೊಂಡಳು. ಮರಿಸ್ವಾಮಿಯವರು ಕಿವಿ ಮುಚ್ಚಿಕೊಂಡರು. ದೇವೀರಮ್ಮ ಎದ್ದು ನಿಂತಳು. "ಏನಪ್ಪಾ ಅಂದೆ? ನಮ್ಮಮ್ಮ ಹೇಳಿಕೊಟ್ಟ ತಂಬಿಟ್ಟು. ಎಸೀಬೇಕಾ? ನಿಮ್ಮನೇಲಿ ಊಟ ಬಡಿಸ್ತಾರೋ ಬೀಸಾಡ್ತಾರೋ?"

"ಸಾರಿ ಆಂಟಿ" ಎಂದು ಯುವಕ ಟೈ ಸಡಿಲಿಸಿಕೊಂಡ. ಹೊಟ್ಟೆಯಲ್ಲಿದ್ದ ನಮ್ಮೂರಿನ ಏಳು ಮನೆಯ ಅಡುಗೆ ಅವನಿಗೆ ಆಗ ಸ್ವಲ್ಪ ಭಾರವಾಗಿರಬೇಕು.

ಕೆಳಗೆ ಏನು ನಡೆಯುತ್ತಿತ್ತು ಎಂಬುದು ನಮಗೆ ಆಮೇಲೆ ಮುರಳೀಧರನಿಂದ ತಿಳಿಯಿತು. ವಿಮಾನದ ಸದ್ದು ಬಂದು ಹೋಗಿ, ಬಂದು ಹೋಗಿ ಮಾಡುವುದನ್ನು ಪುಟ್ಟತಾಯಮ್ಮ ಮಲಗಿದಲ್ಲಿಂದ ಕೇಳಿಸಿಕೊಳ್ಳುತ್ತಿದ್ದಳಂತೆ. "ಎಷ್ಟೊತ್ತಾಯ್ತೋ ಅದು ಸುತ್ತೋಕೆ ಶುರು ಮಾಡಿ?" ಎಂದು ಕೇಳಿದಳಂತೆ. ಆಗಲೇ ಬಹಳ ಹೊತ್ತಾಯಿತು ಎಂದು ಮಗ ಹೇಳಿದ. "ಹಾಗಾದ್ರೆ ಯಾರೋ ತಿನ್ನದೇ ಹಿಡ್ಕೊಂಡು ಕೂತಿರೋ ಬುತ್ತಿ ಅದು. ನಮ್ಮ ದೇವಿ ಬಂದಿದಾಳೆ. ನನ್ನನ್ನ ಮಾಳಿಗೆ ಮೇಲೆ ಕೂರ್ಸು, ಎಲೆ ಹಾಕು" ಎಂದಳು. ಅಮ್ಮನಿಗೆ ಬುದ್ಧಿ ಭ್ರಮಿಸಿತೆಂದು ಹೆದರಿದರೂ, ಅಷ್ಟು ದಿನಗಳ ಮೇಲೆ ಬಾಯಿಬಿಟ್ಟು ಕೇಳಿದ್ದಾಳಲ್ಲ ಎಂದು ಅವನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಕೂರಿಸಿದ. ಹಿತ್ತಲಿನ ಬಾಳೆಯಲ್ಲಿ ದೊಡ್ಡದೊಂದು ಎಲೆ ಕುಯ್ದು ತಂದು ಮುಂದೆ ಹಾಸಿದ. ಆಕೆ ತಾನೇ ನೀರು ಚಿಮುಕಿಸಿ ಒರೆಸಿ, ಬಲಗೈ ತೊಳೆದುಕೊಂಡು, ಆಕಾಶ ನೋಡುತ್ತ ಕೂತಳು.

ಮೇಲೆ ದೇವೀರಮ್ಮ ಯುವಕನಿಗೆ ಬೈದು ಮುಗಿಸಿ, ಉಸಿರು ತೆಗೆದುಕೊಳ್ಳಲು ಕಿಟಕಿಯ ಕಡೆ ತಿರುಗಿದ್ದೇ ತಡ, ಅಲ್ಲೇ ಕಲ್ಲಾದಳು. ಹಸಿರು ಟ್ಯಾಂಕಿನ ಪಕ್ಕದ ಮಾಳಿಗೆಯ ಮೇಲೆ ಒಂದು ಬಿಳಿ ತಲೆ. ಅದರ ಮುಂದೆ ಉದ್ದಕ್ಕೆ, ಎಳೆಹಸಿರಾಗಿ, ನೀರಿನ ಹೊಳಪಿನೊಡನೆ ಒಂದು ಎಲೆ.

"ಅಯ್ಯೋ" ಎಂದಳು. "ಎಲೆ ಹಾಕ್ಕೊಂಡು ಕೂತಿದಾಳೆ."

ನಾವೆಲ್ಲ ಆ ಕಡೆಯ ಕಿಟಕಿಗಳಿಗೆ ಮುಗಿಬಿದ್ದೆವು. ವಿಮಾನ ಒಂದು ಮಗ್ಗುಲಿಗೆ ವಾಲಿತು. ನಮ್ಮ ತಲೆಯಲ್ಲಿ ಹುಟ್ಟಿನಿಂದ ಕೂತಿದ್ದ ಎರಡು ಕಟ್ಟುಪಾಡುಗಳು ಆ ಕ್ಷಣದಲ್ಲಿ ಎದುರುಬದುರು ನಿಂತವು. ಎಸೆಯುವ ಹಾಗಿಲ್ಲ, ಎಲೆ ಮುಂದೆ ಕೂತವಳನ್ನು ಕಾಯಿಸುವ ಹಾಗೂ ಇಲ್ಲ. ಧರ್ಮಶಾಸ್ತ್ರದಲ್ಲಿ ಇದಕ್ಕೇನು ಪರಿಹಾರವಿದೆಯೋ, ನನ್ನ ಅಂಗಡಿಯ ಪುಸ್ತಕಗಳಲ್ಲಂತೂ ಇರಲಿಲ್ಲ. ಬಿಡಿಸಿದ್ದು ಮರಿಸ್ವಾಮಿಯವರು. "ನಡೀರಿ ತಾಯಿ" ಎಂದು ಎದ್ದರು. "ಎಲೆ ಇದ್ಮೇಲೆ ಅದು ಎಸೆಯೋದು ಹೇಗಾಗತ್ತೆ? ಎತ್ತರದಿಂದ ಬಡಿಸಿದ ಹಾಗೆ. ಮಜ್ಜಿಗೇನ ನಾವು ಎತ್ತರದಿಂದಲೇ ಅಲ್ವಾ ಬಡಿಸೋದು?"

ಈ ಮಾತಿಗೆ ಎಲ್ಲರ ಮುಖದಲ್ಲೂ ಬೆಳಕು ಬಂತು. ಕ್ಯಾಪ್ಟನ್ ಅಂದಾನಪ್ಪನವರು ತಮ್ಮ ಸೀಟಿಗೆ ಓಡಿದರು. "ಇಳಿಯೋದಿಲ್ಲ ಅನ್ನತ್ತೆ, ಬಗ್ಗೋದಕ್ಕೇನು ಕಾಯಿಲೆ? ಬಗ್ಗಿಸ್ತೀನಿ" ಎಂದು ಕೂಗಿದರು. ಬಾಗಿಲಿನ ಚಿಲಕ ತೆಗೆದದ್ದಾಯಿತು. ಸ್ಟೆಲ್ಲಾ ದೇವೀರಮ್ಮನ ಸೊಂಟ ಹಿಡಿದಳು, ಸ್ಟೆಲ್ಲಾಳ ಸೊಂಟವನ್ನು ಇನ್ನೊಬ್ಬ ಹೆಂಗಸು, ಹೀಗೆ ಕೊನೆಯಲ್ಲಿ ಯುವಕ ಸೀಟಿನ ಕಾಲು ಹಿಡಿದು ಕೂತ. ವಿಮಾನ ಮಾಳಿಗೆಗಳ ಒಣಹಾಕಿದ ಬಟ್ಟೆ ಹಾರುವಷ್ಟು ಕೆಳಗೆ ಬಂತು.

"ಅಕ್ಕಾ!" ಎಂದು ದೇವೀರಮ್ಮ ಕೂಗಿದ್ದು ಎಂಜಿನ್ನಿನ ಸದ್ದಿನ ಮೇಲೆ ಕೇಳಿಸಿತು. ಗಿರಣಿಯ ವಿದ್ಯೆ ಅಲ್ಲಿ ಕೆಲಸಕ್ಕೆ ಬಂತು. "ಬಡಿಸ್ತಿದೀನಿ!"

ಬಲಗೈಯಲ್ಲಿ ಒಂದು ತಂಬಿಟ್ಟು ತೆಗೆದುಕೊಂಡು ಬಡಿಸುವ ಹಾಗೆಯೇ, ಮೆಲ್ಲಗೆ, ಕೈ ಬಾಗಿಸಿ ಬಿಟ್ಟಳು. ಅದು ಗಾಳಿಗೆ ಸಿಕ್ಕಿ, ಪಕ್ಕದ ಮನೆಯ ಹಸಿರು ಟ್ಯಾಂಕಿಗೆ ಬಡಿದು, ಢಣ್ ಎಂದಿತು. ನೀರು ಒಂದು ಎಳೆಯಾಗಿ ಚಿಮ್ಮತೊಡಗಿತು.

"ಪಾಕ ಗಟ್ಟಿಯಾಗಿದೆ" ಎಂದು ಸ್ಟೆಲ್ಲಾ ಹಿಂದಿನಿಂದ ಹೇಳಿದಳು.

"ಪಾಕ ಸರಿಯಾಗಿದೆ, ಟ್ಯಾಂಕೇ ಮೆತ್ತಗಿದೆ!" ಎಂದು ದೇವೀರಮ್ಮ ತಿರುಗಿ ಗದರಿದಳು. ಆದರೆ ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ಐದು ಉಳಿದಿದ್ದವು. ಮಾಳಿಗೆಯ ಮೇಲೆ ಅಕ್ಕ ಕದಲದೆ ಕೂತೇ ಇದ್ದಳು, ಎರಡನೇ ಸಲ ಬಡಿಸಲು ಬರುತ್ತಾರೆ ಎಂದು ಪಂಕ್ತಿಯಲ್ಲಿ ಕೂತವರ ಹಾಗೆ.

ವಿಮಾನ ತಿರುಗಿ ಬರುವಷ್ಟರಲ್ಲಿ ಮರಿಸ್ವಾಮಿಯವರು ಮಡಿಲಿನ ಬಟ್ಟೆಯನ್ನು ಬಿಚ್ಚಿದ್ದರು. ಅದರ ಕೆಂಪಂಚನ್ನು ಒಮ್ಮೆ ಸವರಿ, ದೇವೀರಮ್ಮನ ಕಡೆ ನೀಡಿದರು. "ನಾಲ್ಕು ಮೂಲೆಗೂ ದಾರ ಕಟ್ಟಿ, ಗಾಳಿ ಹಿಡಿಯತ್ತೆ. ನನ್ನ ನೇಯ್ಗೆ, ನನಗೆ ಗೊತ್ತು."

"ಮಗೂದು ಕಣ್ರಿ ಅದು. ತುಪ್ಪ ಆಗತ್ತೆ."

"ಆಗ್ಲಿ ಬಿಡಿ. ನಾನೂ ಆ ಮನೆಗೆ ಬರೀ ಡಬ್ಬಿ ತಗೊಂಡೇ ಹೋಗ್ತಿರೋದು. ವಾಸನೆ ಆದ್ರೂ ಇರ್ಲಿ ಬಟ್ಟೆಗೆ."

ದಾರಕ್ಕೆ ಯುವಕ ತನ್ನ ಟೈ ಬಿಚ್ಚಿದ. ನನ್ನ ಕನ್ನಡಕದ ದಾರ ಹೋಯಿತು. ಸ್ಟೆಲ್ಲಾಳ ಜಡೆಯ ರಿಬ್ಬನ್ನು, ಇನ್ನಾರದೋ ಚೀಲದ ಲಾಡಿ. ಐದು ತಂಬಿಟ್ಟುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಕೆಳಗೆ ಇಳಿಬಿಟ್ಟರು. ವಿಮಾನ ಮತ್ತೆ ಬಗ್ಗಿತು. ದೇವೀರಮ್ಮ ಗಂಟನ್ನು ಕಣ್ಣಿಗೊತ್ತಿಕೊಂಡು ಕೈಬಿಟ್ಟಳು. ತೊಟ್ಟಿಲ ಬಟ್ಟೆ ಹೊಟ್ಟೆ ತುಂಬ ಗಾಳಿ ಕುಡಿದು ಅರಳಿತು. ತೂಗುತ್ತ, ತೂಗುತ್ತ ಇಳಿಯಿತು.

ಅದು ಎಲ್ಲಿ ಬಿತ್ತೆಂದು ನಾವು ನೋಡಲಾಗಲಿಲ್ಲ. ಬುತ್ತಿ ಹೊರಗೆ ಹೋದ ಕ್ಷಣವೇ ವಿಮಾನ ಮೂಗು ಬಗ್ಗಿಸಿ ನೆಲದ ಕಡೆ ಹೊರಟಿತು. ಬಾಗಿಲು ಹಾಕುವಷ್ಟರಲ್ಲಿ ಇಳಿದಾಗಿತ್ತು. ಕ್ಯಾಪ್ಟನ್ ಅಂದಾನಪ್ಪನವರು ಅಷ್ಟು ಒರಟಾಗಿ ಇಳಿಸಿದ್ದು ಅದೇ ಮೊದಲು, ಯಾರೂ ದೂರಲಿಲ್ಲ.

ದೇವೀರಮ್ಮ ಒಂದು ಕಾಲಿನ ಚಪ್ಪಲಿಯನ್ನು ಆಕಾಶದಲ್ಲೇ ಕಳೆದುಕೊಂಡಿದ್ದಳು. ಹಾಗೆಯೇ ಆಟೋ ಹತ್ತಿದಳು. ನನ್ನ ಕನ್ನಡಕದಂಗಡಿ ಆ ದಾರಿಯಲ್ಲಿರಲಿಲ್ಲ, ಆದರೂ ನಾನು ಪಕ್ಕದಲ್ಲಿ ಕೂತೆ. ತೊಟ್ಟಿಲ ಬಟ್ಟೆ ವಾಪಸು ಬೇಕಲ್ಲ ಎಂದು ಮರಿಸ್ವಾಮಿಯವರೂ ಹತ್ತಿದರು. ದಾರಿಯುದ್ದಕ್ಕೂ ಆಕೆ ಖಾಲಿ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಮಾಳಿಗೆಯ ಮೆಟ್ಟಿಲು ಹತ್ತಿ ಹೋದಾಗ ಪುಟ್ಟತಾಯಮ್ಮ ಕುರ್ಚಿಯಲ್ಲಿ ಕೂತಿದ್ದಳು. ಎಲೆಯ ಮೇಲೆ ನಾಲ್ಕು ತಂಬಿಟ್ಟಿದ್ದವು. ಮಡಿಲ ತುಂಬ ಕೆಂಪಂಚಿನ ಬಟ್ಟೆ. ದವಡೆ ನಿಧಾನವಾಗಿ, ಬಲು ನಿಧಾನವಾಗಿ ಆಡುತ್ತಿತ್ತು. ಪಕ್ಕದ ಮನೆಯ ಯಜಮಾನರು ತಮ್ಮ ಮಾಳಿಗೆಯಲ್ಲಿ ತೂತು ಬಿದ್ದ ಟ್ಯಾಂಕಿಗೆ ಬೆರಳು ಒತ್ತಿ ಹಿಡಿದು, ಜಗಳಕ್ಕೆಂದು ಬಂದವರು ಜಗಳ ಮರೆತು ನೋಡುತ್ತ ನಿಂತಿದ್ದರು. ಮುರಳೀಧರ ಬಾಯಿಯ ಮೇಲೆ ಕೈ ಇಟ್ಟುಕೊಂಡು ಗೋಡೆಗೊರಗಿದ್ದ.

ದೇವೀರಮ್ಮ ಒಂದು ಚಪ್ಪಲಿಯಲ್ಲಿ ಎದುರಿಗೆ ನಿಂತಳು. ಪುಟ್ಟತಾಯಮ್ಮ ಅಗಿದು, ನುಂಗಿ, ನಾಲಿಗೆಯಿಂದ ಹಲ್ಲಿನ ಸಂದನ್ನು ಹುಡುಕಿ ನೋಡಿ, ತಂಗಿಯ ಕಡೆ ಕಣ್ಣೆತ್ತಿದಳು.

"ಏಲಕ್ಕಿ ಕಡಿಮೆ ಆಯ್ತು ಕಣೇ" ಎಂದಳು.

"ನೋಡಿ, ನೋಡಿ!" ಎಂದು ದೇವೀರಮ್ಮ ನಮ್ಮೆಲ್ಲರ ಕಡೆ ತಿರುಗಿ ಕೈ ಬೀಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಹಳೆಯ ಕನ್ನಡಕದಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. "ಆಕಾಶದಿಂದ ಬಡಿಸಿದೀನಿ, ಪ್ರಾಣ ಕೈಯಲ್ಲಿ ಹಿಡ್ಕೊಂಡು. ಇವಳಿಗೆ ಏಲಕ್ಕಿ!"

"ಇರೋದನ್ನ ಹೇಳಿದೆ. ಅಮ್ಮನ ಕೈ ಬರ್ಲಿಲ್ಲ" ಎಂದು ಪುಟ್ಟತಾಯಮ್ಮ ಎರಡನೆಯದಕ್ಕೆ ಕೈ ಹಾಕಿದಳು. ಎತ್ತಿಕೊಂಡು, ಮಗನ ಕಡೆ ನೋಡಿ, "ಲೋ ಮುರಳಿ, ಸ್ವಲ್ಪ ಮಜ್ಜಿಗೆ ಅನ್ನ ಕಲಸ್ಕೊಂಡು ಬಾರೋ. ಬರೀ ಸಿಹಿ ಎಷ್ಟಂತ ತಿನ್ನೋದು" ಎಂದಳು.

ಮರಿಸ್ವಾಮಿಯವರ ಮೊಮ್ಮಗಳಿಗೆ ಅಂದು ಸಂಜೆಗೆ ಹೆಸರಿಟ್ಟರು. ತುಪ್ಪದ ವಾಸನೆಯ ಬಟ್ಟೆಯಲ್ಲಿ ಆ ಮಗು ಅಳದೆ ಮಲಗಿತಂತೆ. ಪಕ್ಕದ ಮನೆಯ ಯಜಮಾನರು ಟ್ಯಾಂಕಿಗೆ ಪರಿಹಾರ ಕೇಳಿದರು. ಏನು ಬೇಕೆಂದು ಕೇಳಿದಾಗ, ಟ್ಯಾಂಕಿನ ಬುಡದಲ್ಲಿ ಸಿಕ್ಕಿದ್ದನ್ನು ತಿಂದು ನೋಡಿದ್ದಾಗಿಯೂ, ಅಂಥವು ಇನ್ನೊಂದು ನಾಲ್ಕು ಆದರೆ ಸಾಕೆಂದೂ ಹೇಳಿದರು.

ಈಗ ಸಮಸ್ಯೆಯೆಲ್ಲ ಬಗೆಹರಿದು ಎಲ್ಲರೂ ಇಪ್ಪತ್ತು ನಿಮಿಷದಲ್ಲಿ ಓಡಾಡುತ್ತಿದ್ದಾರೆ ಎಂದು ನೀವು ತಿಳಿದರೆ ನಿಮಗೆ ನಮ್ಮೂರು ಇನ್ನೂ ಅರ್ಥವಾಗಿಲ್ಲ. ಬುತ್ತಿ ಒಯ್ಯುವವರ ನಂಟರು ಮಾಳಿಗೆ ಹತ್ತಿ ಎಲೆ ಹಾಕಲು ಶುರುಮಾಡಿದರು, ಅದು ಸರಿ. ಆದರೆ ಪಕ್ಕದ ಮನೆಯವರು ಸುಮ್ಮನಿರಬೇಕಲ್ಲ. ಕಟ್ಟಿಕೊಟ್ಟು ಅಭ್ಯಾಸವಿಲ್ಲದ ಆ ಊರಿನ ಜನ, ಇಲ್ಲಿ ಒಬ್ಬ ನಂಟನೂ ಇಲ್ಲದವರು, ತಾವೂ ಒಂದೊಂದು ಎಲೆ ಹಾಕಿಕೊಂಡು, ಕೈ ತೊಳೆದುಕೊಂಡು, ಏನೂ ಕೇಳದೆ ಮೇಲೆ ನೋಡುತ್ತ ಕೂರುತ್ತಾರೆ. ಟೈ ಕಟ್ಟಿದ ಯುವಕನೂ ಕೂತಿರುತ್ತಾನಂತೆ. ಎಲೆ ಮುಂದೆ ಕೂತವರನ್ನು ಕಾಯಿಸುವುದು ಹೇಗೆ? ನಮ್ಮವರು ಮೊದಲಿಗಿಂತ ಮೂರು ಪಟ್ಟು ಕಟ್ಟಿಕೊಂಡು ಹೋಗುತ್ತಾರೆ. ಮರಿಸ್ವಾಮಿಯವರ ಮಗ್ಗದಲ್ಲಿ ಈಗ ತೊಟ್ಟಿಲ ಬಟ್ಟೆಯೊಂದನ್ನೇ ನೇಯುತ್ತಾರೆ. ಕ್ಯಾಪ್ಟನ್ ಅಂದಾನಪ್ಪನವರು ಒಂದೊಂದು ಬೀದಿಗೂ ವಿಮಾನ ಬಗ್ಗಿಸಿ, ಒಂದು ಮನೆಯೂ ತಪ್ಪದ ಹಾಗೆ ಸಾಲಾಗಿ ಹೋಗುತ್ತಾರೆ. ಅವರ ಅತ್ತೆಯ ಮಾಳಿಗೆಯ ಮೇಲೆ ಎರಡು ಸುತ್ತು ಹೆಚ್ಚೇ ಹಾಕುತ್ತಾರೆ. ಬೆಳಿಗ್ಗೆ ಹೊರಟ ವಿಮಾನ ಇಳಿಯುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ದೇವೀರಮ್ಮ ಪ್ರತಿ ಸಲವೂ ಏಲಕ್ಕಿ ಹೆಚ್ಚು ಹಾಕುತ್ತಾಳೆ. ಪ್ರತಿ ಸಲವೂ ಅದು ಕಡಿಮೆಯೇ ಆಗಿರುತ್ತದೆ.

ಗೇಟಿನಲ್ಲಿ ಪರಮಶಿವಯ್ಯನವರು ಲೆಕ್ಕ ಹಾಕುವುದನ್ನು ಬಿಟ್ಟಿದ್ದಾರೆ. ವಿಮಾನ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿದರೆ, ಹಿಂದಿರುವ ಕರಿಹಲಗೆಯನ್ನು ತೋರಿಸುತ್ತಾರೆ. ಅದರ ಮೇಲೆ ದಿನವೂ ಒಂದೇ ಮಾತು: ಬಡಿಸುತ್ತಿದ್ದಾರೆ.